ನಾ ಇಟ್ಟಿಲ್ಲಪಾ, ಅದ ಹೋತು

ಮೊನ್ನೆ ಭಾನುವಾರ ಅವ್ವನ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡ್ತಾ ಇದ್ದೆ. ಹಿತ್ತಲಿನ ನುಗ್ಗೆ ಗಿಡ ಮುರಿದು ಬಿದ್ದ ಕಥೆ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಚಿತ್ರ ನಿಂತುಹೋಯ್ತು. ಅವ್ವ ಬಾಯಿ ತೆರೆದುಕೊಂಡು, ಕೈ ಮೇಲೆತ್ತಿಕೊಂಡು ಹಾಗೇ ನಿಂತುಬಿಟ್ಟಳು. "ಅಜ್ಜಿ ಸ್ಟ್ಯಾಚ್ಯೂ" ಅಂತ ಮಗಳು ನಕ್ಕಳು.

ಅರ್ಧ ನಿಮಿಷದಲ್ಲಿ ಫೋನು ಮತ್ತೆ ಬಡಕೊಂಡಿತು. ಎತ್ತಿದ ಕೂಡಲೇ ಅವ್ವನ ಮೊದಲ ಮಾತು, "ನಾ ಇಟ್ಟಿಲ್ಲಪಾ, ಅದ ಹೋತು." ಆಮೇಲೇ ನುಗ್ಗೆ ಗಿಡ.

ನಮ್ಮ ಮನೆಯಲ್ಲಿ ಇದೊಂದು ಶಾಸ್ತ್ರ. ಫೋನು ಕಟ್ ಆಗಿ ಮತ್ತೆ ಹತ್ತಿದರೆ ಮೊದಲು ಈ ಮಾತು ಹೇಳಬೇಕು. ನಾನೂ ಹೇಳ್ತೀನಿ, ನನ್ನ ಹೆಂಡತಿಯೂ ಹೇಳ್ತಾಳೆ. ಮುಂಬೈಯಲ್ಲೇ ಹುಟ್ಟಿ ಬೆಳೆದ ಮಗಳು ತನ್ನ ಹರಕು ಮುರುಕು ಕನ್ನಡದಲ್ಲೂ ಇದೊಂದನ್ನು ಮಾತ್ರ ಸರಿಯಾಗಿ ಹೇಳ್ತಾಳೆ. ಈ ಶಾಸ್ತ್ರ ಶುರುವಾದದ್ದು 2004ರಲ್ಲಿ. ಅದರ ಹಿಂದೆ ಒಂದು ಜಗಳ ಇದೆ, ಒಂದು ಸುರಂಗ ಇದೆ, ನಾನು ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸ ಇದೆ. ಸ್ವಲ್ಪ ತಾಂತ್ರಿಕ ವಿಷಯ ಬರುತ್ತೆ, ಬೇಸರ ಮಾಡ್ಕೋಬೇಡಿ.

ನಮ್ಮೂರು ಕಲಘಟಗಿ ದಾಟಿ ಯಲ್ಲಾಪುರ ರಸ್ತೆಯಲ್ಲಿ ಹೋದರೆ ಎಡಕ್ಕೆ, ಕಾಡಿನ ಅಂಚಿಗೆ. ಆಗ ಮನೆಯಲ್ಲಿದ್ದದ್ದು ತಂತಿಯಿಲ್ಲದ ಫೋನು. ಮೊಬೈಲ್ ಅಲ್ಲ, ಮೇಜಿನ ಮೇಲೆ ಇಡುವ ಪೆಟ್ಟಿಗೆ, ಅದಕ್ಕೊಂದು ಏರಿಯಲ್. ಟವರು ಗುಡ್ಡದ ಆಚೆ. ಮಳೆಗಾಲದಲ್ಲಿ ಅದು ಹತ್ತಿದರೆ ಪುಣ್ಯ.

2004ರ ಜೂನ್ ಕೊನೆಯ ಭಾನುವಾರ ಅಪ್ಪನಿಗೆ ಫೋನ್ ಮಾಡಿದ್ದೆ. ಡೊಂಬಿವಲಿಯಲ್ಲಿ ಒಂದು ಮನೆ ಖರೀದಿಗೆ ಮುಂಗಡ ಕೊಟ್ಟಾಗಿತ್ತು. ಎಷ್ಟೋ ದಿನದಿಂದ ಗಂಟಲಲ್ಲಿದ್ದ ಮಾತನ್ನು ಅವತ್ತು ಆಡಿಬಿಟ್ಟೆ. "ನಾ ಇನ್ನ ಊರಿಗೆ ಬಂದು ಇರೂದು ಆಗೂದಿಲ್ಲಪಾ. ಹೊಲ ಲಾವಣಿಗೆ ಹಾಕಿಬಿಡು." ಆ ಕಡೆಯಿಂದ ಏನೂ ಇಲ್ಲ. "ಹಲೋ" ಅಂದೆ. ಸದ್ದಿಲ್ಲ. ಲೈನ್ ಹೋಗಿತ್ತು.

ಅಪ್ಪ ಸಿಟ್ಟಿನಿಂದ ಫೋನ್ ಇಟ್ಟ ಅಂತ ನಾನು ತೀರ್ಮಾನಿಸಿದೆ. ಅನುಮಾನ ಅಲ್ಲ, ತೀರ್ಮಾನ. ನಾನು ಆಡಿದ ಮಾತೇ ಹಾಗಿತ್ತಲ್ಲ.

ಈಗ ನನ್ನ ಕೆಲಸದ ವಿಷಯ. ಮೊಬೈಲ್ ಕಂಪನಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಕಡೆ ಇದ್ದೆ, ಆಫೀಸು ಘಾಟ್ಕೋಪರ್ ಹತ್ತಿರ. ಜಿಪಿಆರ್‌ಎಸ್ ಕಾಲ ಅದು. ಫೋನಿನಲ್ಲಿ ಇಂಟರ್ನೆಟ್ ಬಂತು ಅಂತ ಜನ ಖುಷಿಪಟ್ಟಿದ್ದರು, ಆದರೆ ಪುಟ ಅರ್ಧ ತೆರೆದು ನಿಂತುಬಿಡುತ್ತಿತ್ತು. ಸಿಗ್ನಲ್ ಕಡ್ಡಿಗಳು ಪೂರ್ತಿ ಇದ್ದರೂ ಏನೂ ಬರುತ್ತಿರಲಿಲ್ಲ. ಯಾಕೆ ಅಂತ ಹುಡುಕುವ ಕೆಲಸ ನಮ್ಮ ಗುಂಪಿನದು.

ಇಂಟರ್ನೆಟ್ಟಿನಲ್ಲಿ ಮಾಹಿತಿಯನ್ನು ಸರಿಯಾಗಿ ತಲುಪಿಸುವ ಜವಾಬ್ದಾರಿ ಟಿಸಿಪಿ ಎಂಬ ನಿಯಮಾವಳಿಯದು. ಕಳಿಸುವವನು ಮಾಹಿತಿಯನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಕಳಿಸುತ್ತಾನೆ, ಪಡೆದವನು "ಮುಟ್ಟಿತು" ಅಂತ ಹೇಳುತ್ತಾ ಹೋಗುತ್ತಾನೆ. ಮುಟ್ಟಿತು ಅಂತ ಬರದಿದ್ದರೆ ಮತ್ತೆ ಕಳಿಸಬೇಕು. ಇಷ್ಟೇ ಆಗಿದ್ದರೆ ಸರಳ. ಆದರೆ 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಒಂದು ಘಟನೆ ನಡೆಯಿತು. ಅಲ್ಲಿನ ಲ್ಯಾಬಿಗೂ ವಿಶ್ವವಿದ್ಯಾಲಯಕ್ಕೂ ನಡುವೆ ಸುಮಾರು 400 ಗಜ ದೂರ. ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದ ಜಾಗದಲ್ಲಿ ಇದ್ದಕ್ಕಿದ್ದಂತೆ ಬರೀ 40 ಬಿಟ್ ಹೋಗತೊಡಗಿತು. ದಾರಿ ತುಂಬಿ ಪೊಟ್ಟಣಗಳು ಬೀಳುತ್ತಿದ್ದವು, ಬಿದ್ದವನ್ನು ಎಲ್ಲರೂ ಮತ್ತೆ ಮತ್ತೆ ಕಳಿಸಿ ದಾರಿಯನ್ನು ಇನ್ನಷ್ಟು ತುಂಬಿಸುತ್ತಿದ್ದರು. ದಾದರ್ ಸ್ಟೇಷನ್ನಿನ ಸೇತುವೆ ಮೇಲೆ ಹಿಂದಿನವರು ಮುಂದಿನವರನ್ನು ತಳ್ಳಿದಂತೆ!

ವ್ಯಾನ್ ಜೇಕಬ್ಸನ್ ಎಂಬಾತ 1988ರಲ್ಲಿ ಇದಕ್ಕೆ ಮದ್ದು ಬರೆದ. ಪೊಟ್ಟಣ ಕಳೆದುಹೋದರೆ ದಾರಿ ತುಂಬಿದೆ ಎಂದು ತಿಳಿದುಕೋ, ನಿಧಾನ ಮಾಡು. ಉತ್ತರವೇ ಬರದಿದ್ದರೆ ಕಾಯುವ ಹೊತ್ತನ್ನು ಪ್ರತಿ ಸಲ ದುಪ್ಪಟ್ಟು ಮಾಡುತ್ತಾ ಹೋಗು. ಒಳ್ಳೆಯ ಸಂಭಾವಿತ ನಡತೆ. ಇಂಟರ್ನೆಟ್ ಬದುಕಿದ್ದು ಈ ನಡತೆಯಿಂದಲೇ ಅಂದರೂ ತಪ್ಪಿಲ್ಲ. ಆದರೆ ಅದರೊಳಗೆ ಒಂದು ಊಹೆ ಇತ್ತು. ದಾರಿಯಲ್ಲಿ ಕೆಟ್ಟು ಹಾಳಾಗುವ ಪೊಟ್ಟಣಗಳು ಬಹಳ ಕಡಿಮೆ, ಹಾಗಾಗಿ ಕಳೆದುಹೋಯಿತು ಅಂದರೆ ಅದು ದಟ್ಟಣೆಯಿಂದಲೇ ಎಂಬ ಊಹೆ. ಜೇಕಬ್ಸನ್ ಅದನ್ನು ಮುಚ್ಚಿಡಲಿಲ್ಲ, ತನ್ನ ಪ್ರಬಂಧದಲ್ಲಿ ಬರೆದೇ ಇದ್ದ. ತಂತಿಯ ಮಟ್ಟಿಗೆ ಊಹೆ ಸರಿ. ಗಾಳಿಯಲ್ಲಿ ಹೋಗುವ ಸಿಗ್ನಲ್ಲಿಗೆ ಮಳೆ, ಗೋಡೆ, ಗುಡ್ಡ, ಬದಲಾಗುವ ಟವರು ಎಲ್ಲವೂ ಶತ್ರುಗಳು. ಅಲ್ಲಿ ಕಳೆದುಹೋದದ್ದು ದಟ್ಟಣೆಯಿಂದಲ್ಲ. ನಿಧಾನ ಮಾಡಬೇಕಾಗಿಲ್ಲ, ತಕ್ಷಣ ಮತ್ತೆ ಕಳಿಸಬೇಕು. ಟಿಸಿಪಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಅದಕ್ಕೆ ಕೇಳಿಸುವುದು ಮೌನ ಒಂದೇ.

ಇದನ್ನು ನಾನು ಕಣ್ಣಾರೆ ಕಂಡದ್ದು ಲೋಕಲ್ ಟ್ರೇನಿನಲ್ಲಿ. ರಾತ್ರಿ ಹತ್ತರ ಮೇಲೆ ಸೀಟು ಸಿಗುತ್ತಿತ್ತು. ಫೋನನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಆಫೀಸಿನ ಸರ್ವರಿನಿಂದ ಒಂದು ಫೈಲು ಇಳಿಸುತ್ತಾ ಬರುತ್ತಿದ್ದೆ. ಎರಡೂ ಕಡೆ ದಾಖಲೆ ಆಗುತ್ತಿತ್ತು. ಆಗ ಫಾಸ್ಟ್ ಲೋಕಲ್‌ಗಳು ಠಾಣೆ ದಾಟಿದ ಮೇಲೆ ಪಾರ್ಸಿಕ್ ಸುರಂಗದೊಳಗೆ ಹೋಗುತ್ತಿದ್ದವು. ಒಳಗೆ ಸಿಗ್ನಲ್ ಸೊನ್ನೆ. ಹೊರಗೆ ಬಂದ ಕೂಡಲೇ ಕಡ್ಡಿಗಳು ಮೇಲೇಳುತ್ತಿದ್ದವು, ಆದರೆ ಫೈಲು ಅಲ್ಲಾಡುತ್ತಿರಲಿಲ್ಲ.

ಲೆಕ್ಕ ನೋಡಿ. ಸುರಂಗಕ್ಕೆ ಒಂದು ನಿಮಿಷ ಅಂದುಕೊಳ್ಳೋಣ. ಸರ್ವರ್ ಮೊದಲು 3 ಸೆಕೆಂಡ್ ಕಾಯ್ದು ಮತ್ತೆ ಕಳಿಸಿತು. ಆಮೇಲೆ 6 ಕಾಯ್ದಿತು, ಆಮೇಲೆ 12, ಆಮೇಲೆ 24. ಅಲ್ಲಿಗೆ 45 ಸೆಕೆಂಡ್. ಮುಂದಿನ ಸಲ 48 ಕಾಯಬೇಕು, ಅಂದರೆ 93ನೇ ಸೆಕೆಂಡಿಗೆ. ನಾವು ಹೊರಗೆ ಬಂದದ್ದು 60ಕ್ಕೆ. ದಾರಿ ಖಾಲಿ ಇದೆ, ಸಿಗ್ನಲ್ ಇದೆ, ಪಡೆಯುವವನು ಕೈಚಾಚಿ ಕೂತಿದ್ದಾನೆ. ಕಳಿಸುವವನು ಮಾತ್ರ ಇನ್ನೂ 33 ಸೆಕೆಂಡ್ ಸಂಭಾವಿತನಂತೆ ಸುಮ್ಮನಿರುತ್ತಾನೆ. ಆಮೇಲೂ ಒಂದೊಂದೇ ಪೊಟ್ಟಣದಿಂದ ಹೆದರಿ ಹೆದರಿ ಶುರುಮಾಡುತ್ತಾನೆ.

ಈ ಮೂರ್ಖತನ ನೋಡಿ ನಾನು ಲ್ಯಾಪ್‌ಟಾಪ್ ಮುಂದೆ ನಗುತ್ತಿದ್ದೆ. ಮನೆಗೆ ಬಂದು ಅದನ್ನೇ ಮಾಡುತ್ತಿದ್ದೆ.

ಜಗಳವಾದ ಒಂದು ವಾರಕ್ಕೆ ಊರಿಗೆ ಫೋನ್ ಮಾಡಿದೆ. ಹತ್ತಲಿಲ್ಲ. ಸಿಟ್ಟು ಇಳಿದಿಲ್ಲ ಅಂದುಕೊಂಡೆ. ಎರಡು ವಾರ ಬಿಟ್ಟು ಮತ್ತೆ ಮಾಡಿದೆ, ಹತ್ತಲಿಲ್ಲ. ಸ್ವಲ್ಪ ಜಾಸ್ತಿನೇ ಸಮಯ ಕೊಡೋಣ ಅಂತ ನಾಲ್ಕು ವಾರ ಬಿಟ್ಟೆ. ಅವತ್ತೂ ರಿಂಗೇ ಆಗಲಿಲ್ಲ. ಆಮೇಲೆ ಬಿಟ್ಟೇಬಿಟ್ಟೆ. ದೀಪಾವಳಿ ಹತ್ತಿರ ಬರಲಿ, ಆವಾಗ ನೋಡೋಣ ಅಂತ. ಒಂದು, ಎರಡು, ನಾಲ್ಕು, ಎಂಟು. ದುಪ್ಪಟ್ಟಾಗುತ್ತಾ ಹೋದದ್ದು ನನ್ನ ಗಮನಕ್ಕೇ ಬರಲಿಲ್ಲ. ಪೊಟ್ಟಣದ ಲೆಕ್ಕ ಮಾತ್ರ ಕಾಣುತ್ತಿತ್ತು.

ನಡುವೆ ಒಂದು ಪ್ರಯತ್ನ ಮಾಡಿದ್ದೆ. ಪುಣೆಯಲ್ಲಿರುವ ದೊಡ್ಡಪ್ಪನ ಮಗ ನಾಗರ ಪಂಚಮಿಗೆ ಊರಿಗೆ ಹೊರಟಿದ್ದ. "ಅಣ್ಣಾ, ಅಪ್ಪಗ ಹೇಳು, ನಾ ಸಿಟ್ಟಿನಿಂದ ಅಂದಿದ್ದಲ್ಲ ಅಂತ" ಅಂದೆ. "ಹೇಳ್ತೀನಿ ಬಿಡೋ, ಹೇಳಿದಂಗ ಅಂತ ತಿಳ್ಕೊ" ಅಂದ. ನಾನು ನಿಶ್ಚಿಂತನಾದೆ. ಅವನು ಹೆಂಡತಿಯ ತವರಿಗೆ ಹೋಗಿ ಅಲ್ಲಿಂದಲೇ ಪುಣೆಗೆ ವಾಪಸ್ ಬಂದಿದ್ದ. ಅದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ಅಕ್ಟೋಬರ್ ನಡುವೆ ಒಂದು ಸಂಜೆ ಆಫೀಸಿನಲ್ಲಿದ್ದಾಗ ಫೋನ್ ಬಂತು. ನಮ್ಮೂರ ರಸ್ತೆ ಬದಿಯ ಕಿರಾಣಿ ಅಂಗಡಿ ಕಾಕಾ. ಅವನ ಅಂಗಡಿಯಲ್ಲಿ ತಂತಿಯ ಫೋನಿತ್ತು. ಊರವರೆಲ್ಲ ಅಲ್ಲಿಂದಲೇ ಮಾತಾಡುತ್ತಿದ್ದರು. ಕಾಕಾ ಸಕ್ಕರೆ ತೂಗುತ್ತಾ ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದ.

"ತಮ್ಮಾ, ನಿಮ್ಮಪ್ಪ ಮನೀ ಫೋನಿನ್ಯಾಗ ನಾಕ್ ಸಲ ಹಚ್ಚ್ಯಾನಂತ. ಹತ್ತವಲ್ದಂತ. ಎಣ್ಣಿ ಒಯ್ಯಾಕ ಬಂದಿದ್ದ, ಹಿಡದು ಕುಂದರಿಸೇನಿ. ತೊಗೊ, ಮಾತಾಡು."

ಅಪ್ಪನ ಮೊದಲ ಮಾತು, "ಅಷ್ಟ್ಯಾಕ ಸಿಟ್ಟ ಮಾಡ್ಕೊಂಡು ಫೋನ್ ಇಟ್ಟಬಿಟ್ಟೆಪಾ?"

"ನಾನಾ? ನೀನ ಇಟ್ಟಿ ಅಂತ ನಾ ತಿಳ್ಕೊಂಡೆ!"

"ನಾ ಎಲ್ಲಿ ಇಟ್ಟೆ? ಹೂಂ, ಲಾವಣಿಗೆ ಹಾಕೋಣು, ಮನೀ ಮುಂದಿನ ಎರಡ ಎಕರೆ ಅಷ್ಟ ನನಗಿರಲಿ ಅಂತ ಹೇಳಾಕ ಹತ್ತಿದ್ದೆ. ಅಷ್ಟರಾಗ ನೀ ಇಟ್ಟಿ."

ಯಾರೂ ಇಟ್ಟಿರಲಿಲ್ಲ. ಗುಡ್ಡದ ಆಚೆಯ ಟವರು ಇಟ್ಟಿತ್ತು.

ಆಮೇಲೆ ಅಪ್ಪ ಮೆಲ್ಲಗೆ ಹೇಳಿದ. ಸೆಪ್ಟೆಂಬರಿನಲ್ಲಿ ಅವ್ವನಿಗೆ ಜ್ವರ ನೆತ್ತಿಗೇರಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದಳಂತೆ. "ನಿನಗ ತಿಳಸಬೇಕಂದೆ. ನೀ ಸಿಟ್ಟಿನ್ಯಾಗಿದ್ದಿ, ಮತ್ತ ಯಾಕ ತ್ರಾಸ ಅಂತ ಬಿಟ್ಟೆ." ಆ ನಾಲ್ಕು ದಿನ ನಾನೆಲ್ಲಿದ್ದೆ? ಪಾರ್ಸಿಕ್ ಸುರಂಗದಲ್ಲಿ ಪೊಟ್ಟಣ ಎಣಿಸುತ್ತಿದ್ದೆ. ಇದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತೆ.

ಅಂದಹಾಗೆ, ಫೋನಿನ ಮಾತಿಗೂ ಟಿಸಿಪಿಗೂ ನೇರ ಸಂಬಂಧ ಇಲ್ಲ. ಟಿಸಿಪಿಯಂತೆ ನಡೆದುಕೊಂಡದ್ದು ನಾನು ಮತ್ತು ಅಪ್ಪ.

ಈ ರೋಗಕ್ಕೆ ಮದ್ದು ಹುಡುಕಿದವರು ನಮಗಿಂತ ಮೊದಲೇ ಇದ್ದರು. 1995ರಲ್ಲೇ ಎರಡು ದಾರಿ ಸೂಚಿಸಲಾಗಿತ್ತು. ರಟ್ಗರ್ಸ್ ವಿಶ್ವವಿದ್ಯಾಲಯದ ಅಜಯ್ ಬಕ್ರೆ ಮತ್ತು ಬಿ. ಆರ್. ಬದರೀನಾಥ್ ಸಂಪರ್ಕವನ್ನೇ ಟವರಿನ ಹತ್ತಿರ ಎರಡು ತುಂಡು ಮಾಡಿದರು. ತಂತಿಯ ಕಡೆಗೊಂದು, ಗಾಳಿಯ ಕಡೆಗೊಂದು. ಗಾಳಿಯ ತೊಂದರೆ ತಂತಿಯ ಕಡೆಯವನಿಗೆ ಗೊತ್ತೇ ಆಗುವುದಿಲ್ಲ. ಜಾಣತನವೇ. ಆದರೆ ಫೋನಿಗೆ ಮುಟ್ಟುವ ಮೊದಲೇ ನಡುವಿನವನು "ಮುಟ್ಟಿತು" ಅಂದುಬಿಡುತ್ತಾನೆ. ಅವನ ಹತ್ತಿರವೇ ಅದು ಕಳೆದುಹೋದರೆ? ನಮ್ಮ ದೊಡ್ಡಪ್ಪನ ಮಗನ ಕಥೆ!

ಇನ್ನೊಂದು ಬರ್ಕ್ಲಿಯಲ್ಲಿ ಹರಿ ಬಾಲಕೃಷ್ಣನ್ ಮತ್ತು ಜೊತೆಗಾರರು ಮಾಡಿದ್ದು, ಸ್ನೂಪ್ ಅಂತ. ಇಲ್ಲಿ ನಡುವಿನವನು ಹಾದುಹೋಗುವ ಪೊಟ್ಟಣಗಳನ್ನು ಇಣುಕಿ ನೋಡಿ ಒಂದೊಂದು ಪ್ರತಿ ಇಟ್ಟುಕೊಳ್ಳುತ್ತಾನೆ. ಗಾಳಿಯಲ್ಲಿ ಕಳೆದುಹೋದರೆ ಅಲ್ಲಿಂದಲೇ ಮತ್ತೆ ಕಳಿಸುತ್ತಾನೆ, ದೂರದವನಿಗೆ ತಪ್ಪು ಅರ್ಥ ಆಗದಂತೆ ನೋಡಿಕೊಳ್ಳುತ್ತಾನೆ. ಆದರೆ ಯಾರ ಪರವಾಗಿಯೂ "ಮುಟ್ಟಿತು" ಅನ್ನುವುದಿಲ್ಲ. ಆ ಮಾತು ಪಡೆದವನ ಬಾಯಿಂದಲೇ ಬರಬೇಕು. ಕಿರಾಣಿ ಕಾಕಾ "ನಾ ಹೇಳ್ತೀನಿ ಬಿಡು" ಅನ್ನಲಿಲ್ಲ, ಅಪ್ಪನನ್ನು ಹಿಡಿದು ಕುಂದರಿಸಿ ಫೋನ್ ಕೈಗೆ ಕೊಟ್ಟ, ನೋಡಿ.

ಅದೇ ಬರ್ಕ್ಲಿ ಗುಂಪಿನವರು ಇನ್ನೊಂದು ಸಣ್ಣ ಉಪಾಯವನ್ನೂ ಹೇಳಿದ್ದರು. ಉತ್ತರದ ಜೊತೆಗೆ "ಇದು ದಟ್ಟಣೆಯಿಂದ ಹೋದದ್ದಲ್ಲ" ಎಂಬ ಒಂದು ಗುರುತು ಕಳಿಸುವುದು. ಆಗ ಕಳಿಸುವವನು ಮತ್ತೆ ಕಳಿಸುತ್ತಾನೆ, ಆದರೆ ವೇಗ ತಗ್ಗಿಸುವುದಿಲ್ಲ. ಇಂಟರ್ನೆಟ್ಟಿನಲ್ಲಿ ಅದು ಬಳಕೆಗೆ ಬರಲಿಲ್ಲ. ನಮ್ಮ ಮನೆಯಲ್ಲಿ ಬಂತು. ಆ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನೇ ಠರಾವು ಪಾಸು ಮಾಡಿದ. "ಇನ್ನ ಮ್ಯಾಲೆ ಫೋನ್ ಹೋತಂದ್ರ, ತಿರುಗಿ ಹಚ್ಚಿದವರು ಮೊದಲ ನಾ ಇಟ್ಟಿಲ್ಲ ಅನಬೇಕು."

ಈಗ ಕಾಲ ಬದಲಾಗಿದೆ. ಟವರುಗಳೇ ಕಳೆದ ಪೊಟ್ಟಣವನ್ನು ತಮ್ಮ ಮಟ್ಟದಲ್ಲಿ ಬೇಗ ಬೇಗ ಮತ್ತೆ ಕಳಿಸುತ್ತವೆ. 2016ರಲ್ಲಿ ಗೂಗಲ್‌ನವರು ಬಿಬಿಆರ್ ಎಂಬ ಹೊಸ ವಿಧಾನ ಪ್ರಕಟಿಸಿದರು. ಅದು ಒಂದು ಪೊಟ್ಟಣ ಹೋದ ಮಾತ್ರಕ್ಕೆ ಗಾಬರಿಯಾಗುವುದಿಲ್ಲ, ದಾರಿಯ ಅಗಲವನ್ನೂ ಹೋಗಿಬರುವ ಹೊತ್ತನ್ನೂ ತಾನೇ ಅಳೆದು ನೋಡುತ್ತದೆ. ಅದನ್ನು ಬರೆದವರಲ್ಲಿ ಒಬ್ಬ ಯಾರು ಗೊತ್ತೇ? ಅದೇ ವ್ಯಾನ್ ಜೇಕಬ್ಸನ್! ತನ್ನ ಊಹೆಯನ್ನು 28 ವರ್ಷದ ಮೇಲೆ ತಾನೇ ಬದಲಿಸುವುದಕ್ಕೆ ದೊಡ್ಡ ಮನಸ್ಸು ಬೇಕು.

2021ರಲ್ಲಿ ಮಾನಕವಾದ ಕ್ವಿಕ್ ಎಂಬುದು ನನ್ನಂಥ ವಲಸೆಗಾರನಿಗೆ ಇನ್ನೂ ಹತ್ತಿರದ್ದು. ಟಿಸಿಪಿಯಲ್ಲಿ ಸಂಬಂಧ ಅಂದರೆ ಎರಡೂ ಕಡೆಯ ವಿಳಾಸ. ವೈಫೈ ಬಿಟ್ಟು ಬೀದಿಗೆ ಬಂದರೆ ವಿಳಾಸ ಬದಲು, ಸಂಬಂಧ ಕಡಿಯಿತು. ಕ್ವಿಕ್ ಸಂಬಂಧಕ್ಕೆ ಬೇರೆಯೇ ಒಂದು ಗುರುತು ಕೊಡುತ್ತದೆ. ವಿಳಾಸ ಬದಲಾದರೂ "ನಾನು ಅವನೇ" ಅಂತ ಮುಂದುವರಿಯಬಹುದು. ಆದರೆ ಅದು ಹೆಚ್ಚುಕಡಿಮೆ ಎಲ್ಲವನ್ನೂ ಗೂಢಲಿಪಿಯಲ್ಲಿ ಮುಚ್ಚಿ ಕಳಿಸುತ್ತದೆ. ಗುಟ್ಟಿನ ದೃಷ್ಟಿಯಿಂದ ಒಳ್ಳೆಯದೇ. ಸ್ನೂಪ್‌ನಂತೆ ನಡುವೆ ನಿಂತು ಇಣುಕಿ ಸಹಾಯ ಮಾಡುವವನಿಗೆ ಮಾತ್ರ ಇನ್ನು ಜಾಗವಿಲ್ಲ. ಎರಡು ತುದಿಯವರೇ ಎಲ್ಲ ತಿಳಿದುಕೊಳ್ಳಬೇಕು.

ಕಿರಾಣಿ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯ್ತು. ಎಲ್ಲರ ಕೈಯಲ್ಲೂ ಫೋನಿದೆ, ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಅಪ್ಪ 2011ರಲ್ಲಿ ಹೋದ. ಕೊನೆಯತನಕ ಆ ಎರಡು ಎಕರೆ ತಾನೇ ಮಾಡಿದ. ಆ ಹದಿನೈದು ವಾರಗಳನ್ನು ನಾವಿಬ್ಬರೂ ಆಮೇಲೆ ಎಷ್ಟು ಮಾತಾಡಿದರೂ ತುಂಬಿಕೊಳ್ಳಲಿಲ್ಲ ಅಂತ ನನಗೆ ಈಗಲೂ ಅನಿಸುತ್ತೆ.

ದೂರದ ಊರಿನಲ್ಲಿರುವ ನೀವೂ ಯಾರದೋ ಮೌನಕ್ಕೆ ಏನೋ ಅರ್ಥ ಕಟ್ಟಿಕೊಂಡು ವಾರ ಎಣಿಸುತ್ತಿರಬಹುದು. ಇವತ್ತೇ ಒಂದು ಸಲ ಹಚ್ಚಿ ನೋಡಿ. ಆ ಕಡೆಯಿಂದ ಎತ್ತಿದರೆ ಮೊದಲು ಏನು ಹೇಳಬೇಕು ಅಂತ ಗೊತ್ತಲ್ಲ?