ಎಮ್ಮೆ ಮತ್ತು ಸೂಜಿ

ಸಂಗೀತ ಕಛೇರಿಗೆ ಹೋದರೆ ಎರಡನೇ ಕೀರ್ತನೆ ಮುಗಿಯುವಷ್ಟರಲ್ಲಿ ನನಗೆ ತೂಕಡಿಕೆ. ಹೆಂಡತಿ ಮೊಣಕೈಯಿಂದ ತಿವಿದಾಗಷ್ಟೇ ಚಪ್ಪಾಳೆ. ಇಂಥ ಕಿವಿ ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಕೂತೊಡನೆ ಸಾಕ್ಷಾತ್ ವಿದ್ವಾಂಸರದ್ದಾಗಿಬಿಡುತ್ತದೆ. ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುವ ಡ್ರಿಲ್ಲು ಇನ್ನೂ ಗಾಳಿಯಲ್ಲಿದೆಯೋ, ಹಲ್ಲಿಗೆ ತಾಗಿತೋ ಎಂಬುದನ್ನು ಶ್ರುತಿ ಕೊಂಚ ಇಳಿದದ್ದರಿಂದಲೇ ಹೇಳಬಲ್ಲೆ. ಡಾಕ್ಟರು ಒಳಗಿದ್ದವರಿಗೆ "ಸ್ವಲ್ಪ ನೋವಾಗುತ್ತೆ" ಎಂದರೆ ಆ ಸ್ವಲ್ಪ ಎಷ್ಟು ದೊಡ್ಡದೆಂದೂ ತಿಳಿಯುತ್ತದೆ.

ಕೈಯಲ್ಲಿರುವ ವಾರಪತ್ರಿಕೆಯ ಒಂದಕ್ಷರವೂ ತಲೆಗೆ ಹೋಗದು. ಭಯ ನಮ್ಮನ್ನು ಚುರುಕಾಗಿಸುತ್ತದೆ ಎನ್ನುವುದು ಅರ್ಧ ಸುಳ್ಳು. ಇದ್ದಬದ್ದ ಗಮನವನ್ನೆಲ್ಲ ಕಸಿದುಕೊಂಡು ಒಂದೇ ಹಲ್ಲಿನ ಬುಡಕ್ಕೆ ಸುರಿಯುತ್ತದೆ, ಅಷ್ಟೇ.

ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಗ್ರೆಗರಿ ಬರ್ನ್ಸ್ ಮತ್ತು ಸಂಗಡಿಗರು ಜನರ ಪಾದಕ್ಕೆ ವಿದ್ಯುತ್ ಶಾಕ್ ಕೊಟ್ಟು ಮಿದುಳನ್ನು ನೋಡಿದ ಪ್ರಯೋಗವೊಂದು 2006ರಲ್ಲಿ ಪ್ರಕಟವಾಯಿತು. ಸಣ್ಣ ಶಾಕ್‌ಗಾಗಿ ಕಾಯುವ ಬದಲು ದೊಡ್ಡದೇ ಆಗಲಿ, ಬೇಗ ಕೊಟ್ಟು ಮುಗಿಸಿ ಎಂದವರೂ ಅದರಲ್ಲಿದ್ದರು. ಕಾಯುವಾಗಲೇ ಅವರ ಮಿದುಳಿನ ನೋವಿನ ಭಾಗಗಳು ಎದ್ದು ಕೂತಿದ್ದವು. ಓದಿ ನನಗೆ ಬಂಧುಗಳು ಸಿಕ್ಕಷ್ಟು ಸಂತೋಷವಾಯಿತು.

ಎರಡನೇ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿದ್ದ ವೈದ್ಯ ಹೆನ್ರಿ ಬೀಚರ್ ಕಂಡದ್ದು ಇನ್ನೂ ವಿಚಿತ್ರ. ಭಾರಿ ಗಾಯವಾದ ಸೈನಿಕರಲ್ಲಿ ಹೆಚ್ಚಿನವರು ನೋವಿನ ಮದ್ದೇ ಬೇಡ ಎಂದರು. ಜೀವ ಉಳಿಯಿತು, ಇನ್ನು ಊರಿಗೆ ಹೋಗಬಹುದು ಎಂಬುದರತ್ತಲೇ ಅವರ ಚಿತ್ತ. ಅದೇ ವೀರರು, ಯಾರಾದರೂ ನರಕ್ಕೆ ಸೂಜಿಯನ್ನು ಒಡ್ಡೊಡ್ಡಾಗಿ ಚುಚ್ಚಿದರೆ ನಮ್ಮ ನಿಮ್ಮಂತೆಯೇ ರೇಗುತ್ತಿದ್ದರಂತೆ!

ನಮ್ಮೂರ ಆಸ್ಪತ್ರೆಯ ಕಾಂಪೌಂಡರು ಇದನ್ನೆಲ್ಲ ಓದಿದವರಲ್ಲ. ಗಾಜಿನ ಸಿರಿಂಜು ಸ್ಟವ್ ಮೇಲೆ ಕುದಿಯುವ ಸದ್ದಿಗೇ ಹುಡುಗರ ಜೀವ ಬಾಯಿಗೆ ಬರುತ್ತಿತ್ತು. ಅವರು ತೋಳಿಗೆ ಸ್ಪಿರಿಟ್ ಒರೆಸುತ್ತ, "ಏನೋ, ನಿಮ್ಮನೆ ಎಮ್ಮೆ ಕರು ಹಾಕ್ತಂತಲ್ಲ, ಹೆಣ್ಣೋ ಗಂಡೋ?" ಎನ್ನುವರು. ನಮ್ಮ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ. "ಯಾವ ಎಮ್ಮೆ?" ಎಂದು ತಲೆಯೆತ್ತುವಷ್ಟರಲ್ಲಿ ಸೂಜಿ ಹೋಗಿ ಬಂದಾಗಿರುತ್ತಿತ್ತು. ಬರಬರುತ್ತ ರಸ್ತೆಯಲ್ಲಿ ಎಮ್ಮೆ ಕಂಡರೂ ನನ್ನ ತೋಳು ಬಿಗಿಯತೊಡಗಿತು. ಅವರಿಗದು ಹೇಗೋ ತಿಳಿದು, ಮುಂದಿನ ಜ್ವರಕ್ಕೆ ಎಮ್ಮೆ ಬಿಟ್ಟು ನಮ್ಮ ಅಜ್ಜಿಯ ಮದುವೆಯ ಪ್ರಸ್ತಾಪ ತೆಗೆದರು.

ಈಗಿನ ನರ್ಸಮ್ಮಂದಿರು ಸತ್ಯವಂತರು. "ಸರ್, ಚುಚ್ತೀನಿ" ಎಂದು ನನ್ನ ಗಮನವನ್ನೆಲ್ಲ ತೋಳಿಗೆ ಕರೆತಂದು ನಿಲ್ಲಿಸಿಯೇ ಚುಚ್ಚುತ್ತಾರೆ.

ಊರಿಗೆ ಹೋದಾಗ ಕಾಂಪೌಂಡರನ್ನು ಕಂಡೆ. ಬಹಳ ವಯಸ್ಸಾಗಿದೆ, ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. "ನಿಮಗೇನು ಬಿಡಿ ಕಾಂಪೌಂಡ್ರೇ, ಸೂಜಿ ಅಭ್ಯಾಸ ಇದೆ" ಎಂದೆ.

"ಎಲ್ಲಿ ಅಭ್ಯಾಸ ಮಾರಾಯ? ನನಗೆ ನಾನೇ ಚುಚ್ಕೋಬೇಕು. ಎಮ್ಮೆ ವಿಷ್ಯ ಕೇಳೋರು ಯಾರು?"