ತಂಬಿಗೆಯ ತಳದಲ್ಲಿದ್ದ ೩೮

ಬೆಳ್ಳಿಯ ದರ ಕಿಲೋಗೆ ಲಕ್ಷ ರೂಪಾಯಿ ದಾಟಿ ಮುಂದೆ ಓಡತೊಡಗಿದ ಮೇಲೆ ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಹಬ್ಬದ ಶುಭಾಶಯಗಳ ನಡುವೆ ಹೊಸದೊಂದು ಪ್ರಶ್ನೆ ಸೇರಿಕೊಂಡಿತು: "ಕೋರಾಡಿ ಬೆಳ್ಳಿ ಏನು ಮಾಡೋದು?"

ಕೋರಾಡಿ ನಾಗ್ಪುರದ ಉತ್ತರಕ್ಕೆ, ನಗರಕ್ಕೆ ಹತ್ತಿಕೊಂಡಂತೆ ಇರುವ ಊರು. ಮಹಾಲಕ್ಷ್ಮಿ ಜಗದಂಬೆಯ ಗುಡಿ ಮತ್ತು ಕಲ್ಲಿದ್ದಲಿನ ವಿದ್ಯುತ್ ಸ್ಥಾವರ, ಹೊರಗಿನವರಿಗೆ ಅದು ಗೊತ್ತಿರುವುದು ಈ ಎರಡರಿಂದ. ನಮ್ಮ ಕಾಕಾ ಆ ಸ್ಥಾವರದಲ್ಲಿ ನೌಕರಿ ಮಾಡಿ, ಅಲ್ಲೇ ಮನೆ ಕಟ್ಟಿ, ಅಲ್ಲೇ ತೀರಿಕೊಂಡರು. ಕಾಕು ಈಗ ಪುಣೆಯ ಮಗಳ ಮನೆಗೆ ಹೊರಟಿದ್ದಾರೆ. ಧಾರವಾಡದಿಂದ ಬಂದ ಮೂರು ತಲೆಮಾರಿನ ಬೆಳ್ಳಿ ಒಂದು ಟ್ರಂಕಿನಲ್ಲಿ ಉಳಿದಿದೆ. ಮಕ್ಕಳು ಮೂವರು. ಬೆಂಗಳೂರಿನ ಮಗನಿಗೆ ಫ್ಲಾಟ್ ಕೊಳ್ಳಲು ಮುಂಗಡ ಹಣ ಬೇಕು. ಪುಣೆಯ ಮಗಳಿಗೆ ಒಂದು ಚಮಚವನ್ನೂ ಮಾರಬಾರದು. ನ್ಯೂಜೆರ್ಸಿಯ ಮಗನಿಗೆ ಮನೆಯ ನೆನಪಿಗೆ ಏನಾದರೂ ಬೇಕು. ಮೂವರದೂ ನ್ಯಾಯವೇ. ನಾಗ್ಪುರದ ಮಿಹಾನ್‌ನಲ್ಲಿ ಐಟಿ ಕೆಲಸ ಮಾಡುವ ನಾನು ಹತ್ತಿರದವನು, ಎಕ್ಸೆಲ್ ಬಲ್ಲವನು. ಹೀಗಾಗಿ ಬೆಲೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು.

"ತೂಕಾ ಹಾಕಿ ಮೂರು ಪಾಲು ಮಾಡಿಬಿಡಪಾ. ನಾಳೆ ಯಾರೂ ಮಾತಾಡಬಾರದು," ಎಂದರು ಕಾಕು.

ಟ್ರಂಕಿನಲ್ಲಿದ್ದವು: ಊಟದ ತಾಟುಗಳು, ವಾಟಗಾಗಳು, ನೀರು ಕುಡಿಯುವ ಲೋಟಗಳು, ತುಪ್ಪದ ಗಿಂಡಿ, ಒಂದು ತಂಬಿಗೆ, ಆರು ಚಮಚ, ಮತ್ತು ಬಟ್ಟೆಯಲ್ಲಿ ಸುತ್ತಿಟ್ಟ ಟೀ ಸೆಟ್. ಎಲ್ಲವೂ ಕಪ್ಪಾಗಿದ್ದವು. ಕಾಕು ಅದನ್ನು ಸ್ಥಾವರದ ಹೊಗೆಯ ತಲೆಗೆ ಕಟ್ಟಿದರು. ಗಾಳಿಯಲ್ಲಿನ ಗಂಧಕದ ಅನಿಲ ತಾಗಿದರೆ ಬೆಳ್ಳಿ ಎಲ್ಲಿದ್ದರೂ ಕಪ್ಪಾಗುತ್ತದೆ. ಅವರು ವಿಭೂತಿ ತರಲು ಎದ್ದರು, ನಾನು ತಡೆದೆ. ತಿಕ್ಕಿದಷ್ಟೂ ಬೆಳ್ಳಿ ಸವೆಯುತ್ತದೆ, ಕೆತ್ತನೆಯ ಅಂಚು ಮಾಸುತ್ತದೆ. ಹಳೆಯ ವಸ್ತುಗಳನ್ನು ಕೊಳ್ಳುವವರು ಆ ಮಬ್ಬು ಬಣ್ಣಕ್ಕೂ ಬೆಲೆ ಕೊಡುತ್ತಾರೆ. ಬೆಲೆ ಗೊತ್ತಾಗುವ ತನಕ ಮೆತ್ತಗಿನ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಮೊದಲು ಇತವಾರಿಯ ಸರಾಫಾ ಬಜಾರಿಗೆ ಹೋದೆ. ಅಂಗಡಿಯವರು ತಂಬಿಗೆಯನ್ನು ತಕ್ಕಡಿಗೆ ಹಾಕಿ, ಬೆಸುಗೆಗೆ ಇಷ್ಟು, ಕರಗಿಸಿದರೆ ಹೋಗುವುದು ಇಷ್ಟು ಎಂದು ಮುರಿದುಕೊಂಡು ಒಂದು ಮೊತ್ತ ಹೇಳಿದರು. ಹಳೆಯ ಮಾಲಿಗೆ ಅವರ ಮಾತು 'ಮೋಡ್', ಅಂದರೆ ಮುರಿದು ಕರಗಿಸುವಂಥದ್ದು. ತಳದಲ್ಲಿ ಮೊಳೆಯಿಂದ ಗೀರಿದಂತಿದ್ದ ಎರಡು ಗುರುತುಗಳನ್ನು ತೋರಿಸಿದೆ. "ನಕ್ಷಿ ಅಸೇಲ್," ನಕ್ಷೆ ಇರಬೇಕು, ಎಂದರು. ಅದು ನಕ್ಷೆಯಲ್ಲ, ಕನ್ನಡ ಅಂಕಿ: ೩೮.

ಆ ಅಂಕಿಯ ಅರ್ಥ ಬಿಡಿಸಿದ್ದು ಕಾಕು. "ಮೂವತ್ತೆಂಟು ರೂಪಾಯಿ ತೂಕದ್ದು," ಎಂದರು. ಬ್ರಿಟಿಷರು 1835ರಲ್ಲಿ ಒಂದೇ ಅಳತೆಗೆ ತಂದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಸರಿಯಾಗಿ ಒಂದು ತೊಲ. ಅದರಲ್ಲಿ ಬೆಳ್ಳಿ ಶೇ. 91.7. ಪತ್ತಾರನ ಮುಂದೆ ರೂಪಾಯಿಗಳನ್ನು ಎಣಿಸಿಟ್ಟು, ಅವನ್ನೇ ಕರಗಿಸಿ ಪಾತ್ರೆ ಮಾಡಿಸುವುದು ಆಗಿನ ರೂಢಿ. ಕೊಟ್ಟಷ್ಟು ಬೆಳ್ಳಿ ಪಾತ್ರೆಯಾಗಿ ಬಂತೇ ಎಂದು ನೋಡಲು ಬೇರೆ ತೂಕದ ಕಲ್ಲು ಬೇಡ, ಇನ್ನೊಂದು ತಟ್ಟೆಯಲ್ಲಿ ಅಷ್ಟೇ ರೂಪಾಯಿ ಇಟ್ಟರಾಯಿತು. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಆದ್ದರಿಂದ ನಾಣ್ಯ ಕರಗಿಸಿ ಮಾಡಿದ ಪಾತ್ರೆಯಾದರೆ ಅದು 1940ಕ್ಕೆ ಹಿಂದಿನದೋ ಮುಂದಿನದೋ ಎಂಬುದೇ ಬೆಲೆಯನ್ನು ತೀರ್ಮಾನಿಸುತ್ತದೆ.

ತಂಬಿಗೆಯ ಕಂಠದಲ್ಲಿ ಚುಕ್ಕೆ ಚುಕ್ಕೆಯಾಗಿ ಮುತ್ತಜ್ಜಿಯ ಹೆಸರಿದೆ, ಪಕ್ಕದಲ್ಲಿ ಮದುವೆಯ ಇಸವಿ ೧೯೨೧. 38 ತೊಲವೆಂದರೆ 443 ಗ್ರಾಂ. ಈಗ ತೂಗಿದರೆ 436. ಉಳಿದ 7 ಗ್ರಾಂ ನೂರು ವರ್ಷಗಳ ವಿಭೂತಿ, ಹುಣಸೆಹಣ್ಣಿನ ತಿಕ್ಕಾಟದಲ್ಲಿ ಹೋಗಿದೆ.

ಅಪ್ಪಟತೆಯನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಅಯಸ್ಕಾಂತದ ಪರೀಕ್ಷೆಯನ್ನು ನೆಚ್ಚಬೇಡಿ. ಅದು ಕಬ್ಬಿಣವನ್ನಷ್ಟೇ ಹಿಡಿಯುತ್ತದೆ. ತಾಮ್ರ, ಹಿತ್ತಾಳೆ ಅದಕ್ಕೆ ಸಿಕ್ಕುವುದಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ವಸ್ತುವನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ, ಒಳಗೆ ಗಾಳಿ ಉಳಿಯದಂತೆ ಪೂರ್ತಿ ಮುಳುಗಿಸಿ. ತಕ್ಕಡಿ ತೋರಿಸುವ ಅಂಕಿಯಿಂದ ವಸ್ತುವಿನ ತೂಕವನ್ನು ಭಾಗಿಸಿ. ತಂಬಿಗೆಗೆ 436ನ್ನು 42ರಿಂದ ಭಾಗಿಸಿದಾಗ ಸುಮಾರು 10.4 ಬಂತು. ಅಪ್ಪಟ ಬೆಳ್ಳಿ 10.49, ನಾಣ್ಯದ ಬೆಳ್ಳಿ 10.3ರ ಆಸುಪಾಸು, ಹಿತ್ತಾಳೆ 8.5ರ ಆಸುಪಾಸು. ಅಂಗಡಿಯ ಎಕ್ಸ್‌ರೇ ಯಂತ್ರ ಹೆಚ್ಚು ನಿಖರ ನಿಜ. ಆದರೆ ಅದು ಮೇಲ್ಪದರವನ್ನು ಮಾತ್ರ ಓದುತ್ತದೆ, ದಪ್ಪ ಲೇಪದ ಮುಂದೆ ಮೋಸಹೋಗುತ್ತದೆ.

ಚಮಚಗಳ ಹಿಂದೆ ನಡೆಯುವ ಸಿಂಹ ಮತ್ತು ಲಂಗರಿನ ಮುದ್ರೆಗಳಿದ್ದವು. ಸಿಂಹವೆಂದರೆ ಇಂಗ್ಲೆಂಡಿನಲ್ಲಿ ಪರೀಕ್ಷೆಯಾದ ಶೇ. 92.5 ಬೆಳ್ಳಿ, ಲಂಗರು ಬರ್ಮಿಂಗ್‌ಹ್ಯಾಮಿನದು. ಪಕ್ಕದ ಅಕ್ಷರದಿಂದ ವರ್ಷವೂ ತಿಳಿಯುತ್ತದೆ; ಇವು 1930ರ ದಶಕದವು. ನಮ್ಮ ದೇಶದಲ್ಲಿ ಅಂಥ ಸರಕಾರಿ ಮುದ್ರೆಯ ಪದ್ಧತಿ ಆಗ ಇರಲಿಲ್ಲ. ಮದ್ರಾಸಿನ ಪಿ. ಓರ್, ಕಲ್ಕತ್ತೆಯ ಹ್ಯಾಮಿಲ್ಟನ್, ಭುಜ್‌ನ ಊಮರ್ಸಿ ಮಾವ್ಜಿಯಂಥವರು ತಮ್ಮ ಹೆಸರನ್ನು ಒತ್ತುತ್ತಿದ್ದರು. ಅಂಥ ಹೆಸರು ಸಿಕ್ಕರೆ ತೂಕದ ಲೆಕ್ಕ ಬಿಟ್ಟು ಹರಾಜು ಸಂಸ್ಥೆಯವರನ್ನು ಕೇಳಿ. ಧಾರವಾಡದ ಪತ್ತಾರ ತನ್ನ ಹೆಸರು ಹಾಕಲಿಲ್ಲ, ಮನೆಯವರ ಹೆಸರು ಹಾಕಿದ.

ಕಷ್ಟವಾದದ್ದು ಟೀ ಸೆಟ್. ಕಾಲನಿಗೆ ದೊಡ್ಡ ಸಾಹೇಬರು ಬಂದಾಗ ಮಾತ್ರ ಹೊರಬರುತ್ತಿದ್ದ, ಕಾಕುಗೆ ಎಲ್ಲಕ್ಕಿಂತ ಹೆಮ್ಮೆಯ ವಸ್ತು ಅದು. ತಳದಲ್ಲಿ ಇ.ಪಿ.ಎನ್.ಎಸ್. ಎಂಬ ನಾಲ್ಕು ಅಕ್ಷರ. ತಾಮ್ರ, ಸತು, ನಿಕಲ್ಲಿನ ಮಿಶ್ರಲೋಹದ ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಹಾಕಿದ್ದು ಎಂದರ್ಥ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಸಂಸ್ಥೆ 1840ರಲ್ಲಿ ಆ ವಿಧಾನಕ್ಕೆ ಪೇಟೆಂಟ್ ಪಡೆದಿತ್ತು. ಕರಗಿಸುವವರ ಲೆಕ್ಕದಲ್ಲಿ ಬೆಲೆ ಇಲ್ಲವೆನ್ನುವಷ್ಟು ಕಡಿಮೆ. ಹೇಳದೆ ಉಪಾಯವಿರಲಿಲ್ಲ, ಹೇಳಿದೆ. ಅವರು ಕಿತ್ತಲಿಯ ಮುಚ್ಚಳ ತೆಗೆದು ಒಳಗೆ ನೋಡಿ, ಮತ್ತೆ ಮುಚ್ಚಿದರು. "ಇರಲಿ ಬಿಡು. ಇದರಾಗ ಚಹಾ ಕುಡದವರಿಗೆಲ್ಲಾ ಇದು ಬೆಳ್ಳೀನ ಆಗಿತ್ತು."

ನ್ಯೂಜೆರ್ಸಿಯವನು ತಂಬಿಗೆ ಕೇಳಿದ. ಅದು ಆಗದ ಮಾತು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕುಶಲ ಕೆಲಸದ ವಸ್ತು ಪ್ರಾಚ್ಯವಸ್ತು ಎನಿಸಬಹುದು. ಅಂಥದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಸಂಶಯವಿದ್ದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ 'ಪ್ರಾಚ್ಯವಸ್ತುವಲ್ಲ' ಎಂಬ ಪ್ರಮಾಣಪತ್ರ ಪಡೆಯಬೇಕು. ೧೯೨೧ ಎಂದು ತಾನೇ ಬರೆದುಕೊಂಡಿರುವ ತಂಬಿಗೆಗೆ ಅದು ಸಿಗುವುದು ಹೇಗೆ?

ಕೊನೆಗೆ ಹೀಗೆ ಹಂಚಿದೆವು. ಹೆಸರು, ಗುರುತು ಇಲ್ಲದ ತಾಟು, ಲೋಟಗಳು ಬೆಂಗಳೂರಿಗೆ. ಅವನು ಆ ದಿನದ ದರಕ್ಕೆ ಮಾರಿದ, ಅದರಲ್ಲಿ ಬೇಸರಪಡುವಂಥದ್ದು ಏನೂ ಇಲ್ಲ. ಚಮಚಗಳು ನ್ಯೂಜೆರ್ಸಿಗೆ, ಉಳಿದ ಪಾಲು ಹಣವಾಗಿ. ಹೆಸರು ಕೊರೆದವೆಲ್ಲ ಪುಣೆಗೆ. ಅವಕ್ಕೆ ತೂಕದ ಬೆಲೆಯನ್ನಷ್ಟೇ ಹಿಡಿದೆವು, ಹೆಚ್ಚಾದದ್ದನ್ನು ಅವಳು ತುಂಬಿಕೊಟ್ಟಳು. ಟೀ ಸೆಟ್ಟನ್ನು ಕಾಕು ಯಾರ ಪಾಲಿಗೂ ಸೇರಿಸಲಿಲ್ಲ. ಪುಣೆಯಲ್ಲಿ ದಿನಾ ಅದರಲ್ಲೇ ಚಹಾ ಮಾಡುತ್ತಾರಂತೆ.

ನನ್ನ ಎಕ್ಸೆಲ್ ಹಾಳೆಯಲ್ಲಿ ತೂಕ, ಅಪ್ಪಟತೆ, ದರ ಎಂಬ ಕಾಲಂಗಳ ಜೊತೆಗೆ 'ಯಾರದು' ಎಂದು ಇನ್ನೊಂದನ್ನು ಸೇರಿಸಿದ್ದೆ. ಕಾಕು ಒಂದು ಮಧ್ಯಾಹ್ನ ಕೂತು ಅದನ್ನು ಹೇಳಿ ಬರೆಸಿದರು. ಗಿಂಡಿ ಯಾರ ಬಾಣಂತನದ್ದು, ಅಂಚು ನೆಗ್ಗಿದ ತಾಟು ಯಾರ ಕೈಯಿಂದ ಬಿದ್ದದ್ದು, ಎಲ್ಲ. ನಿಮ್ಮ ಮನೆಯಲ್ಲೂ ಇಂಥ ಟ್ರಂಕಿದ್ದರೆ ತೂಗುವ ಮೊದಲು ಆ ಕಾಲಂ ತುಂಬಿಸಿ. ದರ ನಾಳೆಯೂ ಗೊತ್ತಾಗುತ್ತದೆ. ತಳದ ೩೮ನ್ನು ಓದಿ ಹೇಳುವವರು ನಮ್ಮ ಮನೆಯಲ್ಲಿ ಒಬ್ಬರೇ ಉಳಿದಿದ್ದರು.