ವಾಟರ್ಲೂ ಸೇತುವೆಯ ಕೊಡೆ

ಲಂಡನ್ ನಗರವನ್ನು ಒಂದೇ ನೋಟದಲ್ಲಿ ಕಾಣಬಯಸುವ ಪ್ರವಾಸಿಗನು ವಾಟರ್ಲೂ ಸೇತುವೆಯ ನಡುವೆ ನಿಂತರೆ ಸಾಕು. ಥೇಮ್ಸ್ ನದಿಯು ಅಲ್ಲಿ ಬಾಗಿ ಹರಿಯುವುದರಿಂದ, ಒಂದು ಕಡೆಗೆ ಸಂತ ಪಾಲರ ದೇವಾಲಯದ ಗುಮ್ಮಟವೂ ಇನ್ನೊಂದು ಕಡೆಗೆ ಪಾರ್ಲಿಮೆಂಟ್ ಭವನದ ಗಡಿಯಾರದ ಗೋಪುರವೂ ಕಣ್ಣಿಗೆ ಬೀಳುತ್ತವೆ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಇದರ ನಿರ್ಮಾಣಕ್ಕೆ ಅನೇಕ ಸ್ತ್ರೀಯರು ದುಡಿದುದರಿಂದ ‘ಹೆಂಗಸರ ಸೇತುವೆ’ ಎಂಬ ಅಕ್ಕರೆಯ ಹೆಸರೂ ಇದಕ್ಕುಂಟು. ಉತ್ತರದ ತುದಿಯಿಂದ ನಾಲ್ಕು ಹೆಜ್ಜೆ ನಡೆದರೆ ಆಲ್ಡ್‌ವಿಚ್ ಬೀದಿ; ಅಲ್ಲಿ ನಮ್ಮ ದೇಶದ ‘ಇಂಡಿಯಾ ಹೌಸ್’; ಅದರ ಮಗ್ಗುಲಲ್ಲಿಯೇ ‘ಬುಷ್ ಹೌಸ್’. 2012ರವರೆಗೆ ಬಿ.ಬಿ.ಸಿ.ಯ ಹೊರದೇಶಗಳ ಪ್ರಸಾರಕ್ಕೆ ಆ ಭವನವೇ ನೆಲೆ. ಭಾರತದ ಮನೆಗಳಲ್ಲಿ ಕೇಳಿಬರುತ್ತಿದ್ದ ಹಿಂದಿ ವಾರ್ತೆಯೂ ದಶಕಗಳ ಕಾಲ ಅಲ್ಲಿಂದಲೇ ಹೊರಟಿತು.

1978ರ ಸೆಪ್ಟೆಂಬರ್ 7ರಂದು ಬುಷ್ ಹೌಸಿನ ಕೆಲಸಕ್ಕೆ ಹೊರಟ ಗಿಯೋರ್ಗಿ ಮಾರ್ಕೋವ್ ಎಂಬಾತನು ಸೇತುವೆಯ ಬಳಿ ಬಸ್ಸಿಗಾಗಿ ಕಾದಿದ್ದನು. ಆತ ಬಲ್ಗೇರಿಯದ ಹೆಸರಾಂತ ಸಾಹಿತಿ. 1969ರಲ್ಲಿ ತಾಯ್ನಾಡನ್ನು ತೊರೆದು ಬಂದು, ಅಲ್ಲಿನ ಆಳರಸರ ಡಾಂಭಿಕತನವನ್ನು ರೇಡಿಯೋದಲ್ಲಿ ಬಯಲಿಗೆಳೆಯುತ್ತಿದ್ದನು. ಇದ್ದಕ್ಕಿದ್ದಂತೆ ಅವನ ಬಲತೊಡೆಗೆ ಏನೋ ಚುಚ್ಚಿದಂತಾಯಿತು. ತಿರುಗಿ ನೋಡಿದರೆ, ಯಾರೋ ಒಬ್ಬನು ಕೆಳಗೆ ಬಿದ್ದ ಕೊಡೆಯನ್ನೆತ್ತಿಕೊಂಡು, ಕ್ಷಮೆ ಕೇಳಿ, ಟ್ಯಾಕ್ಸಿ ಹಿಡಿದು ಹೊರಟೇಹೋದನು. ಲಂಡನ್ನಿನಲ್ಲಿ ಕೊಡೆ ಹಿಡಿದವನನ್ನು ಶಂಕಿಸುವವರಾರು? ಅದೇ ರಾತ್ರಿ ಮಾರ್ಕೋವನಿಗೆ ಜ್ವರವೇರಿತು. 11ರಂದು ಆತ ಪತ್ನಿಯನ್ನೂ ಪುಟ್ಟ ಮಗಳನ್ನೂ ಅಗಲಿದನು. ಆಗ ಅವನಿಗೆ 49 ವರ್ಷ.

ವೈದ್ಯರು ಅವನ ತೊಡೆಯಿಂದ ತೆಗೆದುದು ಎರಡು ಮಿಲಿಮೀಟರಿಗಿಂತಲೂ ಸಣ್ಣದಾದ ಒಂದು ಲೋಹದ ಗುಂಡು. ಅದರಲ್ಲಿ ಕೊರೆದಿದ್ದ ಎರಡು ಸೂಕ್ಷ್ಮ ರಂಧ್ರಗಳಲ್ಲಿ ರಿಸಿನ್ ಎಂಬ ವಿಷವಿದ್ದಿರಬೇಕೆಂದು ತಜ್ಞರು ನಿರ್ಣಯಿಸಿದರು. ನಮ್ಮ ಹೊಲಗಳ ಬದುವಿನಲ್ಲಿ ಬೆಳೆಯುವ ಹರಳುಗಿಡದ ಬೀಜದಲ್ಲಿಯೇ ಈ ವಿಷವಿರುವುದು! ಪ್ಯಾರಿಸ್ಸಿನಲ್ಲಿ ವ್ಲಾದಿಮಿರ್ ಕೋಸ್ತೋವ್ ಎಂಬ ಇನ್ನೊಬ್ಬ ಬಲ್ಗೇರಿಯನ್ ಪತ್ರಕರ್ತನಿಗೆ ಅದಕ್ಕೆ ಕೆಲವೇ ದಿನಗಳ ಮುನ್ನ ಇಂತಹುದೇ ಗುಂಡು ತಗುಲಿತ್ತು. ಮೈಮೇಲಿದ್ದ ದಪ್ಪ ಉಡುಪಿನಿಂದ ಗುಂಡು ಆಳಕ್ಕಿಳಿಯದೆ ಅವನ ಜೀವವುಳಿಯಿತು.

ಗುಪ್ತಾಯುಧಗಳ ಕಥೆಯೇನೂ ಹೊಸತಲ್ಲ. 1905ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಜಡೆಯೊಳಗೆ ಆಯುಧವನ್ನು ಮರೆಸಿಟ್ಟು ವಿದೂರಥನನ್ನು ಕೊಂದ ರಾಣಿಯ ಪ್ರಸ್ತಾಪವಿದೆ. ವಿಷ ಲೇಪಿಸಿದ ನೂಪುರದಿಂದ ಮಡಿದ ಅರಸನ ಮಾತೂ ಇದೆ. ಇಯಾನ್ ಫ್ಲೆಮಿಂಗನ 1957ರ ಕಾದಂಬರಿ ‘ಫ್ರಂ ರಷ್ಯಾ ವಿತ್ ಲವ್’ನ ಕೊನೆಯಲ್ಲಿ ಪಾದರಕ್ಷೆಯ ತುದಿಯಿಂದ ವಿಷದ ಅಲಗು ಹೊರಚಿಮ್ಮುತ್ತದೆ, ನಾಯಕ ಜೇಮ್ಸ್ ಬಾಂಡ್ ಕುಸಿದು ಬೀಳುತ್ತಾನೆ. ಓದುಗನು ಮಾತ್ರ ಕಳವಳಪಡಬೇಕಾಗಿಲ್ಲ. ಮುಂದಿನ ಕಾದಂಬರಿಯಲ್ಲಿ ಬಾಂಡ್ ಮತ್ತೆ ಎದ್ದು ಕುಳಿತಿರುತ್ತಾನೆ. ಸೇತುವೆಯ ಬಳಿ ಬಸ್ಸಿಗೆ ಕಾದಿದ್ದವನಿಗೆ ಅಂತಹ ಮುಂದಿನ ಕಾದಂಬರಿಯಿರಲಿಲ್ಲ.

ಕಥೆಗಳಲ್ಲಿ ಗುಪ್ತಾಯುಧವನ್ನು ಸೋಲಿಸುವುದು ನಾಯಕನ ಜಾಣ್ಮೆ. ಇತಿಹಾಸದಲ್ಲಿ ಅದನ್ನು ಸೋಲಿಸಿದುದು ಕೆಲವೊಮ್ಮೆ ಕೊಲೆಗಾರನ ಮನಸ್ಸಾಕ್ಷಿಯೇ. 1954ರಲ್ಲಿ ಸಿಗರೇಟ್ ಪೆಟ್ಟಿಗೆಯೊಳಗೆ ಅಡಗಿಸಿದ ಪಿಸ್ತೂಲಿನ ಸಂಚಿನೊಡನೆ ಸೋವಿಯತ್ ಗೂಢಚಾರ ನಿಕೊಲಾಯ್ ಖೋಖ್ಲೋವ್ ಫ್ರಾಂಕ್‌ಫರ್ಟಿಗೆ ಬಂದನು. ಆದರೆ ತಾನು ಕೊಲ್ಲಿಸಬೇಕಾಗಿದ್ದವನ ಬಾಗಿಲನ್ನು ತಟ್ಟಿ, ಬಂದ ಕಾರ್ಯವನ್ನು ಅವನಿಗೇ ತಿಳಿಸಿಬಿಟ್ಟನು. ಮ್ಯೂನಿಕ್ಕಿನಲ್ಲಿ ಬೊಗ್ದಾನ್ ಸ್ತಾಶಿನ್‌ಸ್ಕಿ ಎಂಬವನು ವಿಷದ ಆವಿಯನ್ನುಗುಳುವ ನಳಿಗೆಯಿಂದ 1957ರಲ್ಲಿ ಒಬ್ಬನನ್ನೂ 1959ರಲ್ಲಿ ಇನ್ನೊಬ್ಬನನ್ನೂ ಕೊಂದನು. ಮೊದಲನೆಯ ಸಾವು ಹೃದಯಾಘಾತವೆಂದೇ ಎಲ್ಲರೂ ನಂಬಿದ್ದರು. 1961ರಲ್ಲಿ, ಬರ್ಲಿನ್ ಗೋಡೆ ಏಳುವ ಹಿಂದಿನ ದಿನ, ಅವನು ಪತ್ನಿಯೊಡನೆ ಪಶ್ಚಿಮಕ್ಕೆ ಓಡಿಬಂದು ತಾನಾಗಿಯೇ ತಪ್ಪೊಪ್ಪಿಕೊಂಡ ಮೇಲೆಯೇ ಸತ್ಯ ಹೊರಬಿದ್ದಿತು.

ವಾಟರ್ಲೂ ಸೇತುವೆಯ ಅಪರಿಚಿತನು ಮಾತ್ರ ಯಾರ ಬಾಗಿಲನ್ನೂ ತಟ್ಟಲಿಲ್ಲ. ಬಲ್ಗೇರಿಯದ ಗುಪ್ತಚರರಿಗೆ ತನ್ನ ಸಂಸ್ಥೆ ನೆರವಾಯಿತೆಂದು ಸೋವಿಯತ್ ಕೆ.ಜಿ.ಬಿ.ಯ ಮಾಜಿ ಜನರಲ್ ಒಲೆಗ್ ಕಲೂಗಿನ್ ಮುಂದೆ ಹೇಳಿದನಾದರೂ, ಈ ಕೊಲೆಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಆ ಕೊಡೆಯೂ ಪೊಲೀಸರಿಗೆ ಸಿಕ್ಕಲಿಲ್ಲ. ಗುಂಡನ್ನು ಹಾರಿಸಿದ್ದು ಕೊಡೆಯೋ, ಕೊಡೆಯ ಮರೆಯಲ್ಲಿದ್ದ ಬೇರೆ ಸಾಧನವೋ ಎಂಬ ವಾದ ಇನ್ನೂ ತೀರಿಲ್ಲ. ವಾಷಿಂಗ್ಟನ್ನಿನ ಗೂಢಚರ್ಯೆಯ ವಸ್ತುಸಂಗ್ರಹಾಲಯದಲ್ಲಿ ಪ್ರೇಕ್ಷಕರು ಬೆರಗಾಗಿ ನೋಡುವುದು ಊಹೆಯಿಂದ ಮಾಡಿದ ಪ್ರತಿಕೃತಿಯನ್ನಷ್ಟೆ.

ಮಾರ್ಕೋವನ ಸಮಾಧಿ ಇಂಗ್ಲೆಂಡಿನ ಡಾರ್ಸೆಟ್ ಸೀಮೆಯ ಒಂದು ಹಳ್ಳಿಯ ಇಗರ್ಜಿಯಂಗಳದಲ್ಲಿದೆ. ಅವನನ್ನು ದ್ರೋಹಿಯೆಂದು ಕರೆದ ಸರಕಾರ ಇಂದಿಲ್ಲ. 2014ರಲ್ಲಿ ಬಲ್ಗೇರಿಯದ ರಾಜಧಾನಿ ಸೋಫಿಯಾದಲ್ಲಿಯೇ ಅವನ ಪ್ರತಿಮೆ ನಿಂತಿತು. ವಾಟರ್ಲೂ ಸೇತುವೆಯ ಮೇಲೆ ಇಂದಿಗೂ ತುಂತುರು ಮಳೆ ಬಿದ್ದೊಡನೆ ಸಾಲುಸಾಲಾಗಿ ಕೊಡೆಗಳು ಬಿಚ್ಚಿಕೊಳ್ಳುತ್ತವೆ. ಈ ಕಥೆ ಬಲ್ಲ ಪ್ರವಾಸಿಗನು ಅವುಗಳ ತುದಿಯತ್ತ ಒಮ್ಮೆ ಕಣ್ಣು ಹಾಯಿಸಿಯೇ ಮುಂದೆ ನಡೆಯುತ್ತಾನೆ.